300 ಎಂಬಿಪಿಎಸ್ ಹಾಕಿಸಿದರೂ ಬಿಲ್ಲಿಂಗ್ ಸಾಫ್ಟ್‌ವೇರ್ ನಿಧಾನ, ಏಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಆಫೀಸಿನಲ್ಲಿ ಆರು ಕಂಪ್ಯೂಟರ್. ಸ್ಟಾಕ್, ಬಿಲ್ಲಿಂಗ್ ಎಲ್ಲ ಹಳೆಯ ಮೈಕ್ರೋಸಾಫ್ಟ್ ಆಕ್ಸೆಸ್ (ಡೇಟಾಬೇಸ್) ಸಾಫ್ಟ್‌ವೇರ್‌ನಲ್ಲಿ. ಡೇಟಾ ಫೈಲು ಒಂದು ಕಂಪ್ಯೂಟರಿನ ಶೇರ್ ಫೋಲ್ಡರ್‌ನಲ್ಲಿದೆ. ಲೆಡ್ಜರ್ ತೆರೆಯಲು ಅರ್ಧ ನಿಮಿಷ ಬೇಕು. ಇಂಟರ್ನೆಟ್ 100ರಿಂದ 300 ಎಂಬಿಪಿಎಸ್‌ಗೆ ಏರಿಸಿದರೂ ಪ್ರಯೋಜನವಾಗಲಿಲ್ಲ. ಇನ್ನೂ ದೊಡ್ಡ ಪ್ಲಾನ್ ಬೇಕೇ ಸರ್?

ಉತ್ತರ: ಬೇಡ. ದಯವಿಟ್ಟು ಬೇಡ. ಪೀಣ್ಯದ ಜಾಗದಲ್ಲಿ ಚಿಕ್ಕಪೇಟೆ ಇರುತ್ತದೆ, ಆರರ ಜಾಗದಲ್ಲಿ ಹತ್ತು ಇರುತ್ತದೆ, ಪ್ರಶ್ನೆ ಮಾತ್ರ ಇದೇ. ಜಿಎಸ್‌ಟಿಆರ್-1 ಫೈಲ್ ಮಾಡುವ 11ನೇ ತಾರೀಖು ಹತ್ತಿರ ಬಂದರಂತೂ ಮುಗಿದೇಹೋಯಿತು.

ನನ್ನ ಮಾತು ನಂಬಲೇಬೇಕೆಂದಿಲ್ಲ. ರೌಟರನ್ನು ಆಫ್ ಮಾಡದೆ, ಅದರ ವ್ಯಾನ್ (WAN) ಪೋರ್ಟಿನ, ಅಂದರೆ ಇಂಟರ್ನೆಟ್ ಒಳಬರುವ ಕಿಂಡಿಯ, ವೈರನ್ನಷ್ಟೇ ಕಿತ್ತು ನೋಡಿ. ವಾಟ್ಸಾಪ್ ನಿಲ್ಲುತ್ತದೆ, ಜಿಮೇಲ್ ನಿಲ್ಲುತ್ತದೆ. ಲೆಡ್ಜರ್ ಮಾತ್ರ ಅದೇ ಅರ್ಧ ನಿಮಿಷಕ್ಕೆ ತೆರೆದುಕೊಳ್ಳುತ್ತದೆ. ಡೇಟಾ ಇರುವುದು ಪಕ್ಕದ ಟೇಬಲ್ಲಿನಲ್ಲಿ. ಅದು ಇಂಟರ್ನೆಟ್ ಕಡೆ ತಲೆ ಹಾಕುವುದೇ ಇಲ್ಲ. ಇಷ್ಟಾದ ಮೇಲೂ "ಸ್ಪೀಡ್ ಟೆಸ್ಟ್‌ನಲ್ಲಿ 300 ತೋರಿಸುತ್ತೆ ಸರ್" ಎನ್ನುವವರಿದ್ದಾರೆ. ತೋರಿಸಲಿ ಬಿಡಿ.

ಆಕ್ಸೆಸ್, ಫಾಕ್ಸ್‌ಪ್ರೊ ತರಹದ ಸಾಫ್ಟ್‌ವೇರ್‌ನಲ್ಲಿ ಹುಡುಕುವ ಕೆಲಸ ನಡೆಯುವುದು ನಿಮ್ಮ ಕಂಪ್ಯೂಟರಿನಲ್ಲೇ. ಫೈಲಿಟ್ಟ ಕಂಪ್ಯೂಟರ್ ಕೇಳಿದ ತುಣುಕನ್ನು ಕೊಡುತ್ತದೆ, ಅಷ್ಟೇ. ಇಂಡೆಕ್ಸ್ (ಯಾವ ದಾಖಲೆ ಎಲ್ಲಿದೆ ಎಂಬ ಸೂಚಿ) ಇಲ್ಲದಿದ್ದರೆ ಒಂದು ಬಿಲ್ ಹುಡುಕಲು ಇಡೀ ಟೇಬಲ್ (ದಾಖಲೆಗಳ ಪಟ್ಟಿ) ವೈರಿನ ಮೇಲೆ ಬರಬೇಕು. ಒಂದು ಲೆಡ್ಜರಿಗೆ ಹೀಗೆ 5000 ಸಲ ಕೇಳಬೇಕು ಎಂದುಕೊಳ್ಳಿ. ವೈರಿನಲ್ಲಿ ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಆದರೆ ಒಟ್ಟು ಎರಡೂವರೆ ಸೆಕೆಂಡ್. ವೈಫೈನಲ್ಲಿ ಅದೇ 6 ಮಿಲಿಸೆಕೆಂಡ್ ಆದರೆ 30 ಸೆಕೆಂಡ್. ತುಣುಕೊಂದು 4 ಕೆಬಿ ಎಂದರೂ ಬಂದದ್ದು 20 ಎಂಬಿ ಮಾತ್ರ. ಕಾದದ್ದೆಲ್ಲ ಹೋಗಿ ಬರುವುದಕ್ಕೆ. ಹಾಗಾಗಿ ಅಳೆಯಬೇಕಾದದ್ದು ಪಿಂಗ್, ಅಂದರೆ ಹೋಗಿ ಬರುವ ಸಮಯ. ಫೈಲಿರುವ ಕಂಪ್ಯೂಟರಿನ ಐಪಿಗೆ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಪಿಂಗ್ ಮಾಡಿ. ವೈರಿನಲ್ಲಿ 1 ಮಿಲಿಸೆಕೆಂಡಿಗಿಂತ ಕಡಿಮೆ ಬರಬೇಕು. ನಿಮ್ಮಲ್ಲಿ ಯಾರಾದರೂ ಲ್ಯಾಪ್‌ಟಾಪಿನಲ್ಲಿ, ವೈಫೈ ಮೇಲೆ, ಇದನ್ನು ಓಡಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಆಮೇಲೆ ಫೈಲಿರುವ ಕಂಪ್ಯೂಟರಿನಲ್ಲೇ ಕೂತು, ಉಳಿದವರನ್ನೆಲ್ಲ ಹೊರಗೆ ಬರಲು ಹೇಳಿ, ಅದೇ ಲೆಡ್ಜರ್ ತೆರೆಯಿರಿ. ಅಲ್ಲೂ ನಿಧಾನವಾದರೆ ನೆಟ್‌ವರ್ಕ್ ನಿರಪರಾಧಿ. ಹಳೆಯ ಹಾರ್ಡ್‌ಡಿಸ್ಕ್, ಇಲ್ಲದ ಇಂಡೆಕ್ಸ್, ಪ್ರತಿ ಸಲ ಫೈಲನ್ನು ಜಾಲಾಡುವ ಆಂಟಿವೈರಸ್, ಇವುಗಳ ಕಡೆ ನೋಡಿ. ಒಬ್ಬರೇ ಇದ್ದಾಗ ಚುರುಕಾಗಿದ್ದು, ಎರಡನೆಯವರು ತೆರೆದ ಕೂಡಲೇ ಕುಂಟಿದರೆ ಕಾರಣ ಬೇರೆ. ಒಬ್ಬರೇ ಇರುವಾಗ ವಿಂಡೋಸ್ ಓದಿದ್ದನ್ನು ಅವರ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ಬಿಡುತ್ತದೆ. ಇನ್ನೊಬ್ಬರು ಬಂದರೆ ಆ ಸವಲತ್ತು ರದ್ದು. ಡೇಟಾ ಫೈಲೊಂದನ್ನೇ ಶೇರ್‌ನಲ್ಲಿಟ್ಟು, ಫಾರ್ಮ್, ರಿಪೋರ್ಟ್ ಇರುವ ಫೈಲಿನ ಪ್ರತಿಯನ್ನು ಎಲ್ಲರ ಕಂಪ್ಯೂಟರಿಗೂ ಹಾಕಿದರೆ ಎಷ್ಟೋ ಸುಧಾರಿಸುತ್ತದೆ.

ಈಥರ್ನೆಟ್ ಸ್ಟೇಟಸ್‌ನಲ್ಲಿ 1 ಜಿಬಿಪಿಎಸ್ ಬದಲು 100 ಎಂಬಿಪಿಎಸ್ ಕಂಡರೆ ಸ್ವಿಚ್ (ಕಂಪ್ಯೂಟರುಗಳ ವೈರುಗಳೆಲ್ಲ ಸೇರುವ ಪೆಟ್ಟಿಗೆ) ಹಳೆಯದು, ಇಲ್ಲವೇ ವೈರಿನ ಎಂಟು ಎಳೆಗಳಲ್ಲಿ ಒಂದು ಕೈಕೊಟ್ಟಿದೆ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ ಬಂದರೆ ಮುಗಿಯುವ ಕೆಲಸ.

ಎಸ್‌ಕ್ಯೂಎಲ್ ಸರ್ವರ್‌ಗೆ (ಹುಡುಕುವ ಕೆಲಸವನ್ನೂ ತಾನೇ ಮಾಡುವ ಡೇಟಾಬೇಸ್) ಹೋಗಬೇಕೇ? ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ ಇದೆ, ಅದರ ಹತ್ತಿರ ಬಂದಿದ್ದರೆ ಹೋಗಲೇಬೇಕು. ಆದರೆ ಕ್ವೆರಿಗಳನ್ನು (ಡೇಟಾ ಹುಡುಕುವ ಆದೇಶಗಳನ್ನು) ತಿದ್ದದೆ ಟೇಬಲ್ಲುಗಳನ್ನಷ್ಟೇ ಸಾಗಿಸಿದರೆ ಇನ್ನೂ ನಿಧಾನವಾಗುವುದೂ ಉಂಟು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ತಿಂಗಳು ಕೇಳುತ್ತೀರಿ: ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಸುರಕ್ಷಿತ ದಾರಿ) ಹಾಕಿಕೊಂಡು ಇದೇ ಫೈಲ್ ತೆರೆಯಬಹುದೇ? ಖಂಡಿತ ಬೇಡ. ಮನೆಯಿಂದ ಒಂದು ಸಲ ಹೋಗಿ ಬರಲು 20 ಮಿಲಿಸೆಕೆಂಡ್ ಎಂದುಕೊಂಡು 5000ದಿಂದ ಗುಣಿಸಿ ನೋಡಿ, ನೂರು ಸೆಕೆಂಡ್. ನಡುವೆ ಕರೆಂಟ್ ಹೋಗಿ ಲೈನ್ ಕಡಿದರೆ ಬರೆಯುತ್ತಿದ್ದ ಫೈಲೇ ಕೆಡಬಹುದು. ವಿಪಿಎನ್ ಇರಲಿ, ಆದರೆ ಅದರ ಮೂಲಕ ಆಫೀಸಿನ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಮಾಡಿ. ಆಗ ನಿಮ್ಮ ಮನೆಗೆ ಬರುವುದು ಪರದೆಯ ಚಿತ್ರ ಮಾತ್ರ. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿಯಲ್ಲಿ ಆಗದು. "ವಿಪಿಎನ್ ಯಾಕೆ ಸರ್, ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ತೆರೆದುಬಿಡ್ತೀನಿ" ಎಂದು ಯಾರಾದರೂ ಹೇಳಿದರೆ ಅವರಿಗೆ ಕಾಫಿ ಕೊಟ್ಟು ಕಳುಹಿಸಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ನವರು ಮೊದಲು ತಟ್ಟುವ ಬಾಗಿಲುಗಳಲ್ಲಿ ಅದೂ ಒಂದು.