ಸೈಟೇಶನ್ ಜಾಸ್ತಿ ಇದ್ದವರೇ ಒಳ್ಳೆ ಗೈಡಾ?

ಪ್ರಶ್ನೆ: ಸರ್, ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ. ಗೂಗಲ್ ಸ್ಕಾಲರ್ ಎಂಬ ಸಂಶೋಧನಾ ಪೇಪರ್‌ಗಳ ತಾಣದಲ್ಲಿ ಒಬ್ಬ ಗೈಡ್‌ಗೆ 40 ಸಾವಿರ ಸೈಟೇಶನ್ ಇದೆ, ಇನ್ನೊಬ್ಬರಿಗೆ 600. ಮೊದಲನೆಯವರ ಹತ್ತಿರವೇ ಹೋಗಬೇಕಲ್ವಾ?
– ಓದುಗರು, ಧಾರವಾಡ

ಉತ್ತರ: ಪ್ರವೇಶದ ಸಮಯ ಬಂತೆಂದರೆ ಹುಬ್ಬಳ್ಳಿಯಿಂದಲೋ ಗದಗದಿಂದಲೋ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಬರಲಿ, ಮತ್ತೆ ಹೇಳುತ್ತೇನೆ: ಆ ಒಂದು ಸಂಖ್ಯೆ ನೋಡಿ ಗೈಡ್ ಆರಿಸಬೇಡಿ.

ಸೈಟೇಶನ್ ಎಂದರೆ ಇನ್ನೊಬ್ಬರು ತಮ್ಮ ಪೇಪರ್‌ನಲ್ಲಿ ಇವರ ಪೇಪರನ್ನು ಉಲ್ಲೇಖಿಸಿದ್ದಾರೆ, ಅಷ್ಟೇ. ಮೆಚ್ಚಿ ಉಲ್ಲೇಖಿಸಿದರೂ ಒಂದು, ತಪ್ಪು ಎಂದು ತೋರಿಸಲು ಉಲ್ಲೇಖಿಸಿದರೂ ಒಂದು. ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಪೇಪರನ್ನೇ ನೋಡಿ. ಬರೀ 12 ಮಕ್ಕಳನ್ನು ಇಟ್ಟುಕೊಂಡು ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಪೇಪರ್ ಅದು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಅದಕ್ಕೆ ಸಾವಿರಕ್ಕೂ ಹೆಚ್ಚು ಸೈಟೇಶನ್ ಇವೆ. ಬಹುಪಾಲು ಅದು ತಪ್ಪು ಎಂದು ಹೇಳುವವೇ! ಲೆಕ್ಕದಲ್ಲಿ ಮಾತ್ರ ಎಲ್ಲವೂ ಸೇರುತ್ತವೆ.

ಇನ್ನು 40 ಸಾವಿರ ಹೇಗೆ ಬರುತ್ತದೆ? ನಮ್ಮ ಕ್ಷೇತ್ರದಲ್ಲಿ 'ಗ್ಲೋಬಲ್ ಬರ್ಡನ್ ಆಫ್ ಡಿಸೀಸ್' ಎಂಬ ಜಾಗತಿಕ ಅಧ್ಯಯನವಿದೆ. ಯಾವ ದೇಶದಲ್ಲಿ ಯಾವ ಕಾಯಿಲೆಯಿಂದ ಎಷ್ಟು ಸಾವು, ಎಷ್ಟು ನೋವು ಎಂದು ಅಂದಾಜು ಹಾಕುವ ದೊಡ್ಡ ಕೆಲಸ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಒಂದೊಂದು ಪೇಪರ್‌ಗೂ ನೂರಾರು ಲೇಖಕರು. ಅದಕ್ಕೆ 5,000 ಸೈಟೇಶನ್ ಬಂದರೆ ಅವು ಹಂಚಿಹೋಗುವುದಿಲ್ಲ. ಒಬ್ಬೊಬ್ಬರ ಖಾತೆಗೂ ಪೂರ್ತಿ 5,000 ಜಮೆಯಾಗುತ್ತದೆ. ಅಂಥ ಎಂಟು ಪೇಪರ್‌ನಲ್ಲಿ ಹೆಸರಿದ್ದರೆ ನಿಮ್ಮ 40 ಸಾವಿರ ಆಯಿತು. ಅವರು ಅದರಲ್ಲಿ ಮಾಡಿದ ಕೆಲಸ ದೊಡ್ಡದೂ ಇರಬಹುದು, ಸಣ್ಣದೂ ಇರಬಹುದು. ಸಂಖ್ಯೆ ಅದನ್ನು ಹೇಳುವುದಿಲ್ಲ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಚೀಲದ ತೂಕ ನೋಡಿ ಮೆಣಸಿನಕಾಯಿಯ ಬಣ್ಣ ಹೇಳಲು ಬರುತ್ತದೆಯೇ?

ಈಗ 600ರವರ ಕಡೆ ಬನ್ನಿ. ಕುಂದಗೋಳ ತಾಲ್ಲೂಕಿನ ಗರ್ಭಿಣಿಯರು ಕಬ್ಬಿಣಾಂಶದ ಗುಳಿಗೆಯನ್ನು ಅರ್ಧಕ್ಕೆ ಯಾಕೆ ಬಿಡುತ್ತಾರೆ ಎಂದು ಒಬ್ಬರು ಮನೆಮನೆ ತಿರುಗಿ ಅಧ್ಯಯನ ಮಾಡಿದರು ಎನ್ನಿ. ತಾಲ್ಲೂಕು ಆರೋಗ್ಯಾಧಿಕಾರಿ ಅದನ್ನು ಓದುತ್ತಾರೆ. ಆಶಾ ಕಾರ್ಯಕರ್ತೆಯರು ಹೇಳುವ ಮಾತು ಬದಲಾಗುತ್ತದೆ. ಒಂದಷ್ಟು ಹೆಣ್ಣುಮಕ್ಕಳು ಗುಳಿಗೆ ಪೂರ್ತಿ ನುಂಗುತ್ತಾರೆ. ಇವರು ಯಾರೂ ಪೇಪರ್ ಬರೆಯುವವರಲ್ಲ. ಹಾಗಾಗಿ ಒಂದು ಸೈಟೇಶನ್ನೂ ಏರುವುದಿಲ್ಲ. ಸಾರ್ವಜನಿಕ ಆರೋಗ್ಯ ಇರುವುದೇ ಇಂಥ ಕೆಲಸಕ್ಕೆ.

'ಹಾಗಾದರೆ ಎಚ್-ಇಂಡೆಕ್ಸ್ ನೋಡ್ತೀನಿ' ಎನ್ನಬೇಡಿ. ಇದು ಭೌತವಿಜ್ಞಾನಿ ಹೊರ್ಹೆ ಹಿರ್ಷ್ 2005ರಲ್ಲಿ ಹೇಳಿಕೊಟ್ಟ ಲೆಕ್ಕ. ತಲಾ ಕನಿಷ್ಠ 20 ಸೈಟೇಶನ್ ಇರುವ 20 ಪೇಪರ್ ಇದ್ದರೆ ಎಚ್-ಇಂಡೆಕ್ಸ್ 20. ಅದೂ ಲೇಖಕರು ಎಷ್ಟು ಜನ ಎಂದು ಕೇಳುವುದಿಲ್ಲ. ವಯಸ್ಸಾದಂತೆ ಏರಬಹುದು, ಕೆಲಸ ನಿಲ್ಲಿಸಿದರೂ ಇಳಿಯುವುದಿಲ್ಲ.

ಹೆಸರಿನ ಸಾಲು ನೋಡುವುದನ್ನು ಕಲಿಯಿರಿ. ವೈದ್ಯಕೀಯ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಹೆಚ್ಚು ದುಡಿದವರ ಹೆಸರು ಮೊದಲು, ದಾರಿ ತೋರಿಸಿದ ಹಿರಿಯರದು ಕೊನೆಗೆ. ಗೈಡ್ ಹೆಸರು ಕೊನೆಗಿದ್ದು, ಅವರ ಹಳೆಯ ವಿದ್ಯಾರ್ಥಿಗಳ ಹೆಸರು ಮೊದಲಿಗಿದ್ದರೆ ಖುಷಿಪಡಿ. ವಿದ್ಯಾರ್ಥಿಯ ಪ್ರಬಂಧದಿಂದ ಬಂದ ಪೇಪರ್‌ನಲ್ಲೂ ಗೈಡೇ ಮೊದಲಿದ್ದರೆ ಯಾಕೆ ಎಂದು ವಿಚಾರಿಸಿ.

ನೀವು ಕೇಳದ ಇನ್ನೊಂದು ಮಾತು. ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಹೆಸರು ಸೇರಿಸಲೇಬೇಕಾ? ಬೇಕಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಾಗಲು ನಾಲ್ಕು ಷರತ್ತು ಇಟ್ಟಿದೆ. ಅಧ್ಯಯನದಲ್ಲಿ ನಿಜವಾದ ಕೊಡುಗೆ ಇರಬೇಕು. ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಪಾಲಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಡಬೇಕು. ತಪ್ಪು ಬಂದರೆ ಉತ್ತರ ಹೇಳಲು ತಯಾರಿರಬೇಕು. ನಾಲ್ಕೂ ಇರಬೇಕು. ಹಣ ತಂದುಕೊಟ್ಟರು, ಮೇಲ್ವಿಚಾರಣೆ ಮಾಡಿದರು ಎಂಬುದಷ್ಟೇ ಸಾಲದು. ಅಂಥವರಿಗೆ ಪೇಪರ್‌ನ ಕೊನೆಯಲ್ಲಿ ಕೃತಜ್ಞತೆ ಹೇಳಿ. ಯಾರ ಹೆಸರು ಎಲ್ಲಿ ಬರುತ್ತದೆ ಎಂಬುದನ್ನು ಡೇಟಾ ಸಂಗ್ರಹಕ್ಕೆ ಹೊರಡುವ ಮೊದಲೇ ಗೈಡ್ ಜೊತೆ ಕೂತು ಮಾತಾಡಿ, ಬರೆದಿಟ್ಟುಕೊಳ್ಳಿ.