ಎಫ್‌ಎಆರ್ ಏರಿದರೆ ಮನೆ ಅಗ್ಗ ಆಗುತ್ತಾ?

"ಮಾಸ್ಟರ್ ಪ್ಲಾನ್ ಬದಲಾಗುತ್ತಂತೆ, ಈಗಲೇ ಸೈಟ್ ತಗೊಂಡರೆ ಲಾಭ ಅಲ್ವಾ?" ಬೆಂಗಳೂರಿನಲ್ಲಿ ನಗರ ಯೋಜನೆಯ ಕೆಲಸ ಮಾಡುವವರನ್ನು ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇದರ ಹಿಂದೆಯೇ ಇನ್ನೊಂದು ಬರುತ್ತದೆ. "ಎಫ್‌ಎಆರ್ ಜಾಸ್ತಿ ಮಾಡಿದರೆ ಫ್ಲ್ಯಾಟ್ ಬೆಲೆ ಇಳಿಯುತ್ತಾ?" ಮೊದಲನೆಯದನ್ನು ಕೇಳುವವರ ಬಳಿ ದುಡ್ಡಿರುತ್ತದೆ. ಎರಡನೆಯದನ್ನು ಕೇಳುವವರು ಬಾಡಿಗೆ ಮನೆಯಲ್ಲಿರುತ್ತಾರೆ. ಇಬ್ಬರಿಗೂ ಉತ್ತರ ಒಂದೇ ಲೆಕ್ಕದಲ್ಲಿದೆ.

ಮಾಸ್ಟರ್ ಪ್ಲಾನ್ ಅಂದರೆ ಊರಿನ ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಎಂದು ಹೇಳುವ ನಕ್ಷೆ ಮತ್ತು ನಿಯಮ. ಎಫ್‌ಎಆರ್ ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ. 30x40 ಸೈಟು ಅಂದರೆ 1,200 ಚದರಡಿ. ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು. ಪಾರ್ಕಿಂಗ್ ಜಾಗ ಇದರಲ್ಲಿ ಸೇರುವುದಿಲ್ಲ.

ಈಗ ದೊಡ್ಡ ಸೈಟಿನ ಒಂದು ಉದಾಹರಣೆ ನೋಡೋಣ. ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳಿವು. 40x60 ಸೈಟು, 2,400 ಚದರಡಿ. ಚದರಡಿಗೆ 10,000 ರೂಪಾಯಿಯಂತೆ ಸೈಟಿನ ಬೆಲೆ 2.40 ಕೋಟಿ. 1.75ರ ಎಫ್‌ಎಆರ್‌ನಲ್ಲಿ 4,200 ಚದರಡಿ ಕಟ್ಟಬಹುದು. ಕಟ್ಟಿದ ಪ್ರತಿ ಚದರಡಿಯ ಮೇಲೆ ಜಾಗದ ಬೆಲೆ ಸುಮಾರು 5,714 ರೂಪಾಯಿ ಬೀಳುತ್ತದೆ. ಸರ್ಕಾರ ಎಫ್‌ಎಆರ್ ಅನ್ನು 2.5ಕ್ಕೆ ಏರಿಸಿತು ಅನ್ನಿ. ಅದೇ ಸೈಟಿನಲ್ಲಿ 6,000 ಚದರಡಿ ಬರುತ್ತದೆ. ಜಾಗದ ಪಾಲು 4,000ಕ್ಕೆ ಇಳಿಯಬೇಕು. ಕಾಗದದ ಮೇಲೆ ಮನೆ ಅಗ್ಗವಾಯಿತು.

ಆದರೆ ಸೈಟಿನ ಮಾಲೀಕರಿಗೂ ಈ ಲೆಕ್ಕ ಗೊತ್ತು. ಬಿಲ್ಡರ್ ಮೊದಲು ಕಟ್ಟಬಹುದಾದ ಪ್ರತಿ ಚದರಡಿಗೆ 5,714 ಕೊಡಲು ಸಿದ್ಧನಿದ್ದ. ಈಗಲೂ ಅಷ್ಟು ಕೊಡಬಲ್ಲ. ಅಂದರೆ ಅದೇ ಸೈಟಿಗೆ 3.43 ಕೋಟಿ ಕೇಳಬಹುದು. ಕೇಳುತ್ತಾರೆ, ಸಿಗುತ್ತದೆ ಕೂಡ. ಎಫ್‌ಎಆರ್ ಏರಿಕೆಯ ಲಾಭ ಮೊದಲು ಸೇರುವುದು ಜಾಗಕ್ಕೆ. ಮನೆ ಕೊಳ್ಳುವವರ ತನಕ ಎಷ್ಟು ಬರುತ್ತದೆ ಎಂಬುದು ಒಂದೇ ವಿಷಯದ ಮೇಲೆ ನಿಂತಿದೆ. ಆ ಹೆಚ್ಚುವರಿ ಹಕ್ಕು ಊರಿನ ಎಷ್ಟು ಸೈಟುಗಳಿಗೆ ಸಿಕ್ಕಿತು?

ಕೆಲವೇ ಸೈಟುಗಳಿಗೆ ಸಿಕ್ಕರೆ ಆ ಮಾಲೀಕರು ಹೇಳಿದ್ದೇ ಬೆಲೆ. ಇಡೀ ಊರಿಗೆ ಸಿಕ್ಕರೆ ಬಿಲ್ಡರ್ ಪಕ್ಕದ ಬೀದಿಗೆ ಹೋಗಬಹುದು. ಆಗ ಮಾಲೀಕರ ಹಿಡಿತ ಸಡಿಲವಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ಈ ದಾರಿ ಹಿಡಿಯಿತು. 2016ರಲ್ಲಿ ಅಲ್ಲಿನ ಹೊಸ ಯೋಜನೆ ಊರಿನ ವಸತಿ ಜಾಗದಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಹೆಚ್ಚು ಮನೆ ಕಟ್ಟುವ ಅವಕಾಶ ಕೊಟ್ಟಿತು. ಗೋಪುರಗಳಿಗಿಂತ ಜಾಸ್ತಿ ಬಂದದ್ದು ಎರಡು ಮೂರು ಮಹಡಿಯ ಸಾಲು ಮನೆಗಳು. ಆ ವರ್ಷ ಸುಮಾರು 10,000 ಮನೆಗಳಿಗೆ ಅನುಮತಿ ಸಿಕ್ಕಿತ್ತು. 2021ರಲ್ಲಿ ಆ ಸಂಖ್ಯೆ 20,000 ದಾಟಿತು. ಬಡ್ಡಿ ಕಡಿಮೆ ಇದ್ದ ಆ ವರ್ಷಗಳಲ್ಲಿ ಮನೆಗಳ ಬೆಲೆ ಅಲ್ಲೂ ಏರಿತು, ಅದನ್ನು ಮರೆಯಬಾರದು. ಆದರೂ ಮನೆಗಳು ನಿಜವಾಗಿ ಎದ್ದು ನಿಂತವು. ಮುಖ್ಯವಾದದ್ದು ಅದು.

ಬೆಂಗಳೂರಿನ ಕಥೆ ತಿರುವುಮುರುವು. ನಮ್ಮಲ್ಲಿ ಇಂದಿಗೂ ಆಧಾರ 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನ್. ಅದರ ಹೆಸರಲ್ಲೇ 2015 ಎಂದಿದೆ. ಮುಂದಿನದು, 2031ರ ಕರಡು, 2017ರ ನವೆಂಬರಿನಲ್ಲಿ ಹೊರಬಂತು. ಆಕ್ಷೇಪಣೆಗಳ ರಾಶಿ ಬಿತ್ತು, ಕೊನೆಗೆ ಅದನ್ನು ಕೈಬಿಟ್ಟರು. ಹಾಗಾಗಿ ಸುಮಾರು ಎರಡು ದಶಕದ ಹಿಂದಿನ ನಕ್ಷೆ ಇಟ್ಟುಕೊಂಡು ಇವತ್ತಿನ ಊರನ್ನು ಅಳೆಯುತ್ತಿದ್ದೇವೆ.

ಆ ಪ್ಲಾನಿನಲ್ಲಿ ಎಫ್‌ಎಆರ್ ನಿಂತಿರುವುದು ಎರಡರ ಮೇಲೆ: ಸೈಟಿನ ಅಳತೆ, ಎದುರಿನ ರಸ್ತೆಯ ಅಗಲ. ಸಣ್ಣ ವಸತಿ ಸೈಟು, 12 ಮೀಟರ್ ಅಂದರೆ 40 ಅಡಿಯೊಳಗಿನ ರಸ್ತೆ ಇದ್ದರೆ 1.75. ಎಕರೆಗಟ್ಟಲೆ ಜಾಗ, 30 ಮೀಟರಿಗಿಂತ ಅಗಲದ ರಸ್ತೆ ಇದ್ದರೆ 3.25. ಮೆಟ್ರೋ ನಿಲ್ದಾಣದಿಂದ 150 ಮೀಟರ್ ಒಳಗೆ 4ರವರೆಗೂ ಹೋಗಬಹುದು. ಆಮೇಲೆ ಬಂದ ಸುಧಾರಣೆಗಳ ದಿಕ್ಕೂ ಇದೇ. ಟಿಡಿಆರ್ (ಸಾರ್ವಜನಿಕ ಕೆಲಸಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಸಿಗುವ, ಬೇರೆಯವರಿಗೆ ಮಾರಬಹುದಾದ ಕಟ್ಟುವ ಹಕ್ಕು) ಇರಲಿ, ಶುಲ್ಕ ಕಟ್ಟಿ ಕೊಳ್ಳುವ ಪ್ರೀಮಿಯಂ ಎಫ್‌ಎಆರ್ ಇರಲಿ, ಅಗಲದ ರಸ್ತೆಯ ದೊಡ್ಡ ಜಾಗಗಳಿಗೇ ಹೆಚ್ಚು ಅನುಕೂಲ. ಮೆಟ್ರೋ ಮಾರ್ಗದ ಅಕ್ಕಪಕ್ಕ ಮನೆಗಳು ದಟ್ಟವಾಗಲಿ ಎಂಬುದು ಸರಿಯಾದ ಆಲೋಚನೆ. ನಾನು ಅದರ ಪರ. ಆದರೆ ಅಷ್ಟಕ್ಕೇ ನಿಂತರೆ ಹಕ್ಕು ಕೆಲವೇ ಜಾಗಗಳಲ್ಲಿ ಸೇರಿಕೊಳ್ಳುತ್ತದೆ. ಮೇಲಿನ ಲೆಕ್ಕದ ಪ್ರಕಾರ ಲಾಭವೂ ಅಲ್ಲೇ ಉಳಿಯುತ್ತದೆ.

ಹಾಗಾದರೆ ಈ ಊರಿಗೆ ದುಡಿಯಲು ಬಂದ ಲಕ್ಷಾಂತರ ಜನ ಎಲ್ಲಿದ್ದಾರೆ? 30x40ರಲ್ಲಿದ್ದಾರೆ. ಲಗ್ಗೆರೆ, ಬೊಮ್ಮನಹಳ್ಳಿ, ಕೆ.ಆರ್. ಪುರ, ಎಲ್ಲಿ ಹೋದರೂ ಅದೇ ಕಟ್ಟಡ ಕಾಣುತ್ತದೆ. ನೆಲಮಹಡಿ, ಅದರ ಮೇಲೆ ಮೂರು. ಪ್ರತಿ ಮಹಡಿಯಲ್ಲಿ ಎರಡು ಸಣ್ಣ ಮನೆ. ಮೇಲೆ ಮಾಲೀಕರು, ಕೆಳಗೆ ಬಾಡಿಗೆಯವರು. ಮಹಡಿಗೆ 900 ಚದರಡಿ ಅಂದರೂ ಒಟ್ಟು 3,600. ಎಫ್‌ಎಆರ್ ಲೆಕ್ಕದಲ್ಲಿ 3. ಕಾನೂನು ಕೊಡುವುದು 1.75.

ಗಮನಿಸಿ. ಹೆದ್ದಾರಿ ಬದಿಯ ಗೋಪುರಕ್ಕೆ 3.25 ಸಕ್ರಮ. ನಿವೃತ್ತಿ ಹಣ ಹಾಕಿ ಕಟ್ಟಿದ ಬಾಡಿಗೆ ಕಟ್ಟಡದ 3 ಅಕ್ರಮ. ರಸ್ತೆ ಕಿರಿದಾದಾಗ ಮಿತಿ ಇರಬೇಕು, ಒಪ್ಪುತ್ತೇನೆ. ಬೆಂಕಿ ಬಿದ್ದರೆ ಗಾಡಿ ಒಳಗೆ ಬರಬೇಕು. ಪಕ್ಕದ ಮನೆಗೆ ಗಾಳಿ ಬೆಳಕು ಬೇಕು. ಆದರೆ ಊರಿನ ಅಗ್ಗದ ಬಾಡಿಗೆ ಮನೆಗಳ ದೊಡ್ಡ ಪಾಲು ನಿಯಮದ ಹೊರಗೆ ನಿಂತಿದ್ದರೆ, ಆ ನಿಯಮವನ್ನೊಮ್ಮೆ ಕೂತು ನೋಡಬೇಕು.

ನೋಡಲು ಪ್ರಯತ್ನ ಆಗಿದೆ. ಅಕ್ರಮ ಸಕ್ರಮ ಯೋಜನೆ ವಸತಿ ಕಟ್ಟಡಗಳಲ್ಲಿ 50%, ವಾಣಿಜ್ಯ ಕಟ್ಟಡಗಳಲ್ಲಿ 25% ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಹೊರಟಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಮ್ಮ ಲೆಕ್ಕದ ಕಟ್ಟಡದಲ್ಲಿ ಉಲ್ಲಂಘನೆ 71%. ಆ ಯೋಜನೆ ಜಾರಿಯಾಗಿದ್ದರೂ ಅದು ಹೊರಗೇ ಉಳಿಯುತ್ತಿತ್ತು. ಆಮೇಲೆ 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು: ಸ್ವಾಧೀನಾನುಭವ ಪತ್ರ, ಅಂದರೆ ನಿಯಮದಂತೆ ಕಟ್ಟಿದೆ, ವಾಸಿಸಬಹುದು ಎಂದು ಹೇಳುವ ಒಸಿ, ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು. 2025ರಲ್ಲಿ ರಾಜ್ಯದ ಎಷ್ಟೋ ಮನೆಗಳು ಕಟ್ಟಿ ಮುಗಿದೂ ಕರೆಂಟಿಲ್ಲದೆ ನಿಂತವು. ಮುಂದೆ ಸರ್ಕಾರ 1,200 ಚದರಡಿವರೆಗಿನ ಸೈಟುಗಳ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು. ಸಂಕಟ ತುಸು ತಗ್ಗಿತು. ಎಫ್‌ಎಆರ್ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಬಾಡಿಗೆಗೆ ಕಟ್ಟುವ ಸಣ್ಣ ಮಾಲೀಕರು ನಮ್ಮ ಊರಿನ ನಿಜವಾದ ಮನೆ ಪೂರೈಕೆದಾರರು. ಅವರಿಗೆ ಕೊಡಬೇಕಾದದ್ದು ಕಟ್ಟಿದ ಮೇಲೆ ಕ್ಷಮೆ ಅಲ್ಲ, ಕಟ್ಟುವ ಮೊದಲೇ ಸಾಧ್ಯವಾಗುವ ನಿಯಮ. 30 ಅಡಿ ರಸ್ತೆಯ 1,200 ಚದರಡಿಯಲ್ಲಿ ಎಫ್‌ಎಆರ್ 2.5 ಕೊಡಿ. ಬದಲಿಗೆ ಹಿಂದೆ ಮತ್ತು ಒಂದು ಪಕ್ಕದಲ್ಲಿ ಕಟ್ಟದೆ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್), ಮಳೆನೀರು ಇಂಗುಗುಂಡಿ, ಎತ್ತರದ ಮಿತಿ, ಈ ಮೂರನ್ನು ಬಿಡದೆ ಜಾರಿ ಮಾಡಿ. ಇದು ನನ್ನ ಅಭಿಪ್ರಾಯ. ಎಲ್ಲ ಯೋಜಕರೂ ಒಪ್ಪುವುದಿಲ್ಲ. ಅವರ ದೊಡ್ಡ ಆಕ್ಷೇಪ ನೀರಿನದು. ಅದು ನ್ಯಾಯವಾದ ಆಕ್ಷೇಪ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಊರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಹಾಗಾಗಿ ಇಡೀ ಊರಿಗೆ ಒಂದೇ ದಿನ ಎಫ್‌ಎಆರ್ ಏರಿಸಬೇಕು ಎನ್ನುತ್ತಿಲ್ಲ. ಕಾವೇರಿ ನೀರು, ಒಳಚರಂಡಿ ಎರಡೂ ತಲುಪಿದ ವಾರ್ಡುಗಳಿಂದ ಶುರು ಮಾಡಲಿ.

ಇನ್ನು ದುಡ್ಡು ಹಾಕುವವರ ವಿಷಯ. ಪ್ಲಾನ್ ಬದಲಾಗುವ ಸುದ್ದಿ ನಿಮಗೆ ಬ್ರೋಕರ್ ಮೂಲಕ ಬಂತೆಂದರೆ ಅದು ಸೈಟಿನ ಬೆಲೆಯೊಳಗೆ ಆಗಲೇ ಸೇರಿಕೊಂಡಿದೆ. ಬದಲಾವಣೆ ಬರದೇ ಹೋದರೆ ನಷ್ಟ ಪೂರ್ತಿ ನಿಮ್ಮದು. 2031ರ ಕರಡು ನಂಬಿ ಹೊರವಲಯದಲ್ಲಿ ಜಾಗ ಕೊಂಡವರನ್ನು ಕೇಳಿ ನೋಡಿ.

ಪ್ಲಾನಿನ ಒಂದು ಗೆರೆ ಏನು ಮಾಡಬಲ್ಲದು ಎಂಬುದಕ್ಕೆ ಪೆರಿಫೆರಲ್ ರಿಂಗ್ ರಸ್ತೆ ನೋಡಿ. ಸುಮಾರು 73 ಕಿಲೋಮೀಟರ್ ಉದ್ದದ ಆ ರಸ್ತೆಗೆ 2007ರಲ್ಲೇ ಭೂಸ್ವಾಧೀನದ ಅಂತಿಮ ಅಧಿಸೂಚನೆ ಬಂತು. ಗೆರೆಯೊಳಗೆ ಬಿದ್ದ ರೈತರು ವರ್ಷಗಟ್ಟಲೆ ಮಾರಲೂ ಆಗದೆ, ಕಟ್ಟಲೂ ಆಗದೆ, ಪರಿಹಾರವೂ ಕೈಗೆ ಬರದೆ ಕಾದರು. ಅದೇ ಗೆರೆಯ ಆಚೀಚೆ ಮಾತ್ರ "ರಿಂಗ್ ರೋಡ್ ಬರುತ್ತೆ" ಎಂದು ಸೈಟು ಮಾರಿದರು.

ಕೆರೆ ಪಕ್ಕದ ಫ್ಲ್ಯಾಟುಗಳದ್ದೂ ಅಂಥದೇ ಅನುಭವ. ಪ್ಲಾನಿನ ಪ್ರಕಾರ ಕೆರೆಯಿಂದ 30 ಮೀಟರ್, ರಾಜಕಾಲುವೆಯಿಂದ ಅದರ ದರ್ಜೆ ನೋಡಿ 50, 25 ಅಥವಾ 15 ಮೀಟರ್ ಬಿಡಬೇಕು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು, ಕಾಲುವೆಗಳಿಗೂ ಹೆಚ್ಚಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಡುವಿನ ಆ ಮೂರು ವರ್ಷ ಸಾಲದ ಕಂತು ಕಟ್ಟುತ್ತಾ, ಮನೆ ಕೈಗೆ ಸಿಗುತ್ತೋ ಇಲ್ಲವೋ ಎಂದು ಕಾದವರು ಸಾಮಾನ್ಯ ಸಂಬಳದಾರರು. ಸೈಟು ನೋಡಲು ಹೋದಾಗ ಕಾಲುವೆ ಕಾಣಲಿಲ್ಲ ಎಂದು ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. ಹಳೆಯ ಗ್ರಾಮ ನಕ್ಷೆ ತೆಗೆಸಿ. ಮಣ್ಣು ಮುಚ್ಚಿದ ಕಾಲುವೆ ಅದರಲ್ಲಿ ಇರುತ್ತದೆ.

ಜಾಸ್ತಿ ಜನ ಎಡವುವ ಇನ್ನೊಂದು ಜಾಗ ಡಿಸಿ ಕನ್ವರ್ಷನ್. ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಡುವ ಆದೇಶ ಅದು. ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ಜಾಗದ ಬಳಕೆ ತೋರಿಸುವ ಬಣ್ಣ ಅದರಿಂದ ಬದಲಾಗುವುದಿಲ್ಲ. ಬಣ್ಣ ಬದಲಾಗಬೇಕಾದರೆ ನಗರ ಯೋಜನಾ ಕಾಯ್ದೆಯ 14ಎ ಅಡಿ ಭೂಬಳಕೆ ಬದಲಾವಣೆ ಆಗಬೇಕು. ಅದಕ್ಕೆ ಪ್ರಕಟಣೆ, ಆಕ್ಷೇಪಣೆ, ಶುಲ್ಕ ಎಲ್ಲ ಇದೆ. "ಕನ್ವರ್ಟ್ ಆಗಿದೆ ಸಾರ್" ಎಂದು ಯಾರಾದರೂ ಹೇಳಿದರೆ ಯಾವುದು ಎಂದು ಕೇಳಿ. ಆಮೇಲೆ ಟೇಪು ಹಿಡಿದು ಎದುರಿನ ರಸ್ತೆ ಅಳೆಯಿರಿ. ನಕ್ಷೆಯಲ್ಲಿ 40 ಅಡಿ ಇರುವ ರಸ್ತೆ ನೆಲದ ಮೇಲೆ 28 ಇದ್ದರೆ ನಿಮ್ಮ ಅಂಗಡಿ ತೆರೆಯುವ ಆಸೆ, ಬಾಡಿಗೆ ಲೆಕ್ಕ ಎರಡೂ ಕುಸಿಯುತ್ತವೆ.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ ಐದು ಪಾಲಿಕೆಗಳಾಗಿವೆ. ಮುಂದಿನ ಮಾಸ್ಟರ್ ಪ್ಲಾನ್ ಅಲ್ಲಿಂದ ಬರಬೇಕು. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಜನರಿಗೆ 60 ದಿನ ಇರುತ್ತದೆ. ಬಿಲ್ಡರುಗಳು, ದೊಡ್ಡ ಜಾಗದವರು ಆ 60 ದಿನವನ್ನು ಚೆನ್ನಾಗಿ ಬಳಸುತ್ತಾರೆ. 30x40ರವರು, ಬಾಡಿಗೆಯವರು ಬರುವುದೇ ಅಪರೂಪ. ಈ ಸಲ ನೀವೂ ಬನ್ನಿ. ವಕೀಲರೇ ಬೇಕೆಂದಿಲ್ಲ, ಕನ್ನಡದಲ್ಲೇ ಬರೆದು ಕೊಡಬಹುದು. ನಕ್ಷೆಯ ಹಾಳೆ ಸಂಖ್ಯೆ, ಸರ್ವೆ ನಂಬರ್, ನಿಮ್ಮ ಬೀದಿಯ ನಿಜವಾದ ಅಗಲ, ನೀರು ಮತ್ತು ಒಳಚರಂಡಿ ಬಂದಿದೆಯೋ ಇಲ್ಲವೋ, ಯಾವ ನಿಯಮ ಹೇಗೆ ಬದಲಾಗಬೇಕು, ಇಷ್ಟು ಒಂದೇ ಪುಟದಲ್ಲಿ ಬರೆಯಿರಿ. ರಸ್ತೆಯ ಫೋಟೋ ಲಗತ್ತಿಸಿ. ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ.