ಪ್ಲಾನ್ ಪಾಸಾಗಿದೆ, ಇನ್ನು ಮರ ಕಡಿಯಬಹುದಲ್ಲವೇ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 40x60 ಸೈಟು. ಹಳೇ ಮನೆಗೆ ಹಿಂದುಗಡೆ ಎರಡು ರೂಮು ಸೇರಿಸಿ, ಮೇಲೆ ಒಂದು ಮಹಡಿ ಎತ್ತುತ್ತಿದ್ದೇವೆ. ಪ್ಲಾನ್ ಪಾಸಾಗಿ ಕೈಗೆ ಬಂದಿದೆ. ಹಿತ್ತಲಲ್ಲಿ ನಮ್ಮ ತಂದೆ ನೆಟ್ಟ ನೇರಳೆ ಮರವಿದೆ, ತಳಪಾಯಕ್ಕೆ ಅಡ್ಡ ಬರುತ್ತಿದೆ. "ಪ್ಲಾನೇ ಪಾಸಾಗಿದೆ, ಇನ್ನೇನು ಸಾರ್, ಕಡಿಸಿಬಿಡಿ" ಅಂತಾರೆ ಮೇಸ್ತ್ರಿ. ಕಡಿಸಬಹುದಾ?

ಉತ್ತರ: ಕಡಿಸಬೇಡಿ. ಇದೇ ಪ್ರಶ್ನೆ ಹೊಂಗೆ, ಗುಲ್‌ಮೊಹರ್, ಮಳೆಮರ ಅಂತ ಹೆಸರು ಬದಲಿಸಿಕೊಂಡು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಉತ್ತರ ಒಂದು ಸಲವೂ ಬದಲಾಗಿಲ್ಲ. ಹಾಗಾಗಿ ಈ ಸಲ ಒಂದೇ ಏಟಿಗೆ, ಪೂರ್ತಿಯಾಗಿ ಹೇಳಿಬಿಡುತ್ತೇನೆ.

ಮೊದಲು ನಿಮ್ಮ ಬೀರುವಿನಲ್ಲಿರುವ ಪ್ಲಾನ್ ತೆಗೆಯಿರಿ. ನಕ್ಷೆ ನೋಡಬೇಡಿ, ಅದರ ಜೊತೆಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಷರತ್ತುಗಳನ್ನು ಓದಿ. ಬಿಬಿಎಂಪಿ ಕಾಲದಿಂದ ಮಂಜೂರಾತಿಗೆ ಅಂಟಿಕೊಂಡು ಬರುತ್ತಿರುವ ಆ ಪಟ್ಟಿಯಲ್ಲಿ ಒಂದು ಸಾಲಿದೆ: ಕಾಮಗಾರಿ ಶುರುಮಾಡುವ ಮೊದಲು ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು. ಅಂದರೆ ಯಾವ ಕಾಗದವನ್ನು ಮರ ಕಡಿಯುವ ಪರವಾನಗಿ ಅಂತ ಮೇಸ್ತ್ರಿ ತೋರಿಸುತ್ತಿದ್ದಾರೋ, ಆ ಕಾಗದವೇ "ಮರಕ್ಕೆ ಬೇರೆ ಅನುಮತಿ ತನ್ನಿ" ಎನ್ನುತ್ತಿದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಷರತ್ತೂ ಇರುತ್ತದೆ. ಸೈಟು 180ರಿಂದ 240 ಚದರ ಮೀಟರ್ ಇದ್ದರೆ ಒಂದು ಮರ, ಅದಕ್ಕಿಂತ ದೊಡ್ಡದಾದರೆ ಕನಿಷ್ಠ ಎರಡು ಮರ ನೆಡಬೇಕು. ನಿಮ್ಮ 40x60 ಅಂದರೆ ಸುಮಾರು 223 ಚದರ ಮೀಟರ್. ಹಿತ್ತಲಲ್ಲಿರುವ ನೇರಳೆಯನ್ನು ಉಳಿಸಿಕೊಂಡರೆ ಆ ಒಂದು ಮರ ಬೆಳೆದು ನಿಂತೇ ಇದೆ.

ಈ ತಪ್ಪು ತಿಳಿವಳಿಕೆ ಯಾಕೆ ಸಾಯುವುದಿಲ್ಲ ಅಂದರೆ, ಎರಡೂ ಅರ್ಜಿ ಬಹುಪಾಲು ಒಂದೇ ಪಾಲಿಕೆಯ ಕಟ್ಟಡಕ್ಕೆ ಹೋಗುತ್ತವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಆದರೆ ಪ್ಲಾನ್ ಮಂಜೂರು ಮಾಡುವುದು ನಗರ ಯೋಜನೆ ವಿಭಾಗದ ಎಂಜಿನಿಯರು. ಅವರು ನೋಡುವುದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಎತ್ತರ, ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ), ಪಾರ್ಕಿಂಗ್, ಖಾತಾ. ಮರಕ್ಕೆ ಅನುಮತಿ ಕೊಡುವುದು ಅರಣ್ಯ ಇಲಾಖೆಯಿಂದ ಬಂದ ವೃಕ್ಷಾಧಿಕಾರಿ, ಅದೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿ. ಕಾನೂನು ಬೇರೆ, ಅಧಿಕಾರಿ ಬೇರೆ, ಕಡತ ಬೇರೆ. ಒಬ್ಬರು ಕೊಟ್ಟ ಒಪ್ಪಿಗೆ ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದ ಮೇಲೆ "ಹಳೇ ನಿಯಮ ಎಲ್ಲ ಹೋಯ್ತಂತೆ" ಎಂಬ ಮಾತೂ ಶುರುವಾಗಿದೆ. ಪಾಲಿಕೆಯ ಬೋರ್ಡು ಬದಲಾದರೆ 1976ರ ಕಾಯ್ದೆ ಬದಲಾಗುವುದಿಲ್ಲ. ಆ ಕಾಯ್ದೆ ಪಾಲಿಕೆಯದಲ್ಲ, ರಾಜ್ಯದ್ದು. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇದೇ ಕಾಯ್ದೆ.

"ನಂಬಿಕೆ ನಕ್ಷೆ" ಎಂಬ ಯೋಜನೆಯಲ್ಲಿ ಆರ್ಕಿಟೆಕ್ಟ್ ಮೂಲಕವೇ ತಾತ್ಕಾಲಿಕ ಮಂಜೂರಾತಿ ಪಡೆದವರೂ ಇದೇ ಕೇಳುತ್ತಾರೆ. ಅವರಿಗೂ ಇದೇ ಉತ್ತರ. ನಕ್ಷೆ ಎಷ್ಟು ಬೇಗ ಬಂತು ಎನ್ನುವುದಕ್ಕೂ ಮರಕ್ಕೂ ಸಂಬಂಧವಿಲ್ಲ.

"ಜಾಗ ನಮ್ಮದು, ಮರ ನಮ್ಮದು, ನೆಟ್ಟವರು ನಮ್ಮ ಅಪ್ಪ" ಎನ್ನುವುದು ಮುಂದಿನ ವಾದ. ಕಾಯ್ದೆಯ 8ನೇ ಕಲಂ ಈ ವಾದವನ್ನು ಮೊದಲೇ ಊಹಿಸಿಕೊಂಡು ಬರೆದಂತಿದೆ. ಸ್ವಂತ ಜಾಗವಿರಲಿ, ಬೇರೆಯವರದಿರಲಿ, ಯಾವುದೇ ರೂಢಿ ಅಥವಾ ಕರಾರು ಇರಲಿ, ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಯಾರೂ ಮರ ಕಡಿಯುವಂತಿಲ್ಲ, ಕಡಿಸುವಂತೆಯೂ ಇಲ್ಲ. "ಕಡಿಸುವಂತೆಯೂ" ಎಂಬುದನ್ನು ಮತ್ತೊಮ್ಮೆ ಓದಿ. ಗರಗಸ ಹಿಡಿದವನು ಕೂಲಿಯವನಾದರೂ ಜವಾಬ್ದಾರಿ ನಿಮ್ಮ ಮೇಲೆ ಬರುತ್ತದೆ. ಮರ ನಿಮ್ಮದೇ, ಅದರಲ್ಲಿ ತಕರಾರಿಲ್ಲ. ಹಣ್ಣೂ ನಿಮ್ಮದೇ. ಆದರೆ ಕಡಿಯುವ ತೀರ್ಮಾನ ನಿಮ್ಮೊಬ್ಬರದಲ್ಲ.

ಆಮೇಲೆ ಬರುವುದು ಅಡ್ಡದಾರಿಗಳು. "ಪೂರ್ತಿ ಕಡಿಯಲ್ಲ, ಬೋಳಿಸ್ತೀವಿ." "ಬುಡದ ಸುತ್ತ ತೊಗಟೆ ಕೆತ್ತಿಬಿಟ್ಟರೆ ತಾನೇ ಒಣಗುತ್ತೆ." "ಬುಡಕ್ಕೆ ಆಸಿಡ್ ಸುರಿದರೆ ಯಾರಿಗೂ ಗೊತ್ತಾಗಲ್ಲ." ಕಾಯ್ದೆಯಲ್ಲಿ "ಮರ ಕಡಿಯುವುದು" ಎಂಬುದರ ವ್ಯಾಖ್ಯೆಯಲ್ಲೇ ಇವೆಲ್ಲ ಸೇರಿವೆ: ಕೊಂಬೆ ಸವರುವುದು, ತಲೆ ಬೋಳಿಸುವುದು, ತೊಗಟೆ ಬಳೆಯಾಕಾರದಲ್ಲಿ ತೆಗೆಯುವುದು, ಸುಡುವುದು, ವಿಷ ಹಾಕುವುದು, ಬುಲ್ಡೋಜರ್ ಹೊಡೆಯುವುದು. ಸಿಕ್ಕಿಬೀಳುವುದೂ ಕಷ್ಟವಲ್ಲ. ತೊಗಟೆ ಕೆತ್ತಿದ ಗುರುತು ಒಣಗಿದ ಮೇಲೂ ಬುಡದಲ್ಲಿ ಬಳೆಯಂತೆ ಉಳಿಯುತ್ತದೆ. ಆಸಿಡ್ ಬಿದ್ದ ಕಡೆ ಹುಲ್ಲೂ ಸತ್ತಿರುತ್ತದೆ. ಇನ್ನೊಂದು ಅಪಾಯ ಬೇರೆ. ಒಣಗಿದ ಮರ ಹಸಿ ಮರದ ಹಾಗೆ ಬಾಗುವುದಿಲ್ಲ, ಮುರಿಯುತ್ತದೆ. ಏಪ್ರಿಲ್-ಮೇ ತಿಂಗಳ ಮೊದಲ ಗಾಳಿಮಳೆಗೆ ಅದು ಪಕ್ಕದ ಮನೆಯ ಶೀಟಿನ ಮೇಲೋ ಕಾರಿನ ಮೇಲೋ ಬಂದರೆ, ಆಗ ಉತ್ತರ ಕೊಡಬೇಕಾದವರು ನೀವೇ.

ವಿನಾಯಿತಿ ಪಡೆದ ಮರಗಳೂ ಇವೆ, ಅದನ್ನೂ ಹೇಳಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್ ಇಂಥವು 8ನೇ ಕಲಮಿನ ಹೊರಗಿವೆ. ತಿದ್ದುಪಡಿಗಳಲ್ಲಿ ಈ ಪಟ್ಟಿಗೆ ಬೇರೆ ಹೆಸರುಗಳೂ ಸೇರಿವೆ. ಆದ್ದರಿಂದ ನಿಮ್ಮ ಮರದ ಹೆಸರು ಹಿಡಿದು ಅರಣ್ಯ ವಿಭಾಗದಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ತೆಂಗಿಗೆ ವಿನಾಯಿತಿ ಇದೆ ಎಂಬ ಒಂದೇ ಸುದ್ದಿ ಹಿಡಿದುಕೊಂಡು ಪಕ್ಕದ ಬೇರೆ ಮರವನ್ನೂ ಉರುಳಿಸಿದವರಿದ್ದಾರೆ. ಗಂಧದ ಮರ ಇದ್ದರಂತೂ ಮುಟ್ಟಲೇಬೇಡಿ. 2001ರ ತಿದ್ದುಪಡಿಯ ನಂತರ ನಿಮ್ಮ ಜಮೀನಿನ ಗಂಧ ನಿಮ್ಮದೇ ಆದರೂ, ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಇನ್ನು ಅರ್ಜಿ. ಇಲ್ಲಿ ತಪ್ಪು ಮಾಡಿ ತಿಂಗಳುಗಟ್ಟಲೆ ಅಲೆಯುವವರೇ ಹೆಚ್ಚು. ಕಾಯ್ದೆ ಕೇಳುವುದು ಬರಹದ ಅರ್ಜಿ ಮತ್ತು ಸೈಟಿನ ನಕ್ಷೆ. ನಕ್ಷೆಯಲ್ಲಿ ಸೈಟ್ ಅಥವಾ ಸರ್ವೆ ನಂಬರು, ಚಕ್ಕುಬಂದಿ, ಯಾವ ಮರ, ಅದು ಎಲ್ಲಿದೆ ಎಂಬುದು ಸ್ಪಷ್ಟವಾಗಿರಬೇಕು. ಜೊತೆಗೆ ಕಾರಣ. ಇದರ ಹಿಂದೆ ಖಾತಾ, ತೆರಿಗೆ ರಸೀದಿ, ಮಂಜೂರಾದ ಪ್ಲಾನ್‌ನ ಪ್ರತಿ ಇಡಿ. ಫೋಟೋ ಮೂರು ತೆಗೆಯಿರಿ: ದೂರದಿಂದ ಇಡೀ ಮರ ಮತ್ತು ಮನೆ ಕಾಣುವಂತೆ ಒಂದು, ಬುಡ ಒಂದು, ತೊಂದರೆ ಎಲ್ಲಿದೆಯೋ ಅದು ಒಂದು. ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ದರ್ಜಿ ಟೇಪಿನಿಂದ ಅಳೆದು ಬರೆಯಿರಿ. "ದೊಡ್ಡ ಮರ" ಅಂತ ಬರೆದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ, "ನೇರಳೆ, ಸುತ್ತಳತೆ 125 ಸೆಂ.ಮೀ., ಹಿಂದಿನ ಗೋಡೆಯಿಂದ 2 ಮೀಟರ್" ಅಂದರೆ ಎಲ್ಲ ತಿಳಿಯುತ್ತದೆ. ಆಮೇಲೆ ಸ್ಥಳ ಪರಿಶೀಲನೆಗೆ ಬರುತ್ತಾರೆ. ಆ ಹೊತ್ತಿಗೆ ಮರಕ್ಕೆ ಒಂದೇ ಒಂದು ಕೊಡಲಿ ಏಟೂ ಬಿದ್ದಿರಕೂಡದು.

ಕಾರಣ ಬರೆಯುವಾಗ ಗಮನವಿಡಿ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಸಿಡಿಲು ಬೆಂಕಿಗೆ ಬಹುಪಾಲು ಹಾಳಾಗಿದ್ದರೆ ಅನುಮತಿ ನಿರಾಕರಿಸಬಾರದು ಎಂದು ಕಾಯ್ದೆ ಹೇಳುತ್ತದೆ. "ಮನೆ ಕಟ್ಟಬೇಕು" ಎಂಬುದು ಆ ಸಾಲಿನಲ್ಲಿಲ್ಲ. ಹಾಗಂತ ಮನೆಗಾಗಿ ಅನುಮತಿ ಸಿಗುವುದೇ ಇಲ್ಲ ಅಂತಲ್ಲ, ಸಿಗುತ್ತದೆ. ಆದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಪೂರ್ತಿ ಕೊಡಬಹುದು, ಮೂರು ಮರ ಕೇಳಿದರೆ ಒಂದಕ್ಕೆ ಕೊಡಬಹುದು, ಕೊಂಬೆಗೆ ಮಾತ್ರ ಕೊಡಬಹುದು, ತಿರಸ್ಕರಿಸಲೂಬಹುದು. ಅದಕ್ಕೇ ಕೆಲವರು ಗಟ್ಟಿಮುಟ್ಟಾದ ಮರವನ್ನು "ಅಪಾಯಕಾರಿ" ಎಂದು ಬರೆದುಬಿಡುತ್ತಾರೆ. ಬಂದವರು ಬುಡ ತಟ್ಟಿ ನೋಡುತ್ತಾರೆ, ಟೊಳ್ಳಿಲ್ಲ, ಅಣಬೆ ಇಲ್ಲ, ವಾಲಿಲ್ಲ. ಅಲ್ಲಿಗೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ಫುಟಿಂಗ್, ಅಂದರೆ ಪಿಲ್ಲರ್‌ನ ತಳಪಾಯ, ಎಲ್ಲಿ ಬರುತ್ತದೆ, ಮರ ಎಷ್ಟು ದೂರದಲ್ಲಿದೆ, ಬೇರೆ ಕಡೆ ಯಾಕೆ ಸರಿಸಲಾಗುವುದಿಲ್ಲ.

ಅನುಮತಿ ಸಿಕ್ಕರೆ ಬದಲಿ ಗಿಡ ನೆಡುವ ಷರತ್ತು ಇರುತ್ತದೆ, ಅದನ್ನು ಪಾಲಿಸಿ ಫೋಟೋ ಇಟ್ಟುಕೊಳ್ಳಿ. ಸಿಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ, ಆದೇಶ ಕೈಗೆ ಬಂದ ದಿನಾಂಕ ಬರೆದಿಟ್ಟುಕೊಂಡು ತಡಮಾಡದೆ ಹೋಗಿ. ಕಡಿದ ಮರವನ್ನು ಸಾಮಿಲ್ಲಿಗೆ ಸಾಗಿಸುವ ಮುಂಚೆ ಸಾಗಾಟ ಪರವಾನಗಿ ಬೇಕೇ ಎಂದು ಕೇಳಿ. ತೇಗ, ಬೀಟೆಯಂಥ ಮರವಾದರೆ ಲಾರಿ ದಾರಿಯಲ್ಲೇ ನಿಲ್ಲುತ್ತದೆ. ಗೇಟಿನ ಹೊರಗಿನ ಮರವಾದರೆ ಅದು ನಿಮ್ಮದಲ್ಲವೇ ಅಲ್ಲ, ನಾಟಾ ಕೂಡ ನಿಮ್ಮದಲ್ಲ. ಕಾರು ಒಳಗೆ ಬರಲು ಅಡ್ಡ ಎಂಬ ಕಾರಣಕ್ಕೆ ರಸ್ತೆಬದಿಯ ಮರ ಕೇಳುವ ಮೊದಲು ಗೇಟನ್ನು ನಾಲ್ಕಡಿ ಸರಿಸಲು ಆಗುತ್ತದಾ ನೋಡಿ. ಕರೆಂಟು ತಂತಿಗೆ ಕೊಂಬೆ ತಾಗುತ್ತಿದ್ದರೆ ಏಣಿ ಹಾಕಬೇಡಿ, 1912ಕ್ಕೆ ಫೋನ್ ಮಾಡಿ.

ಪಕ್ಕದ ಮನೆಯ ಮರದ ಕೊಂಬೆ ನಮ್ಮ ಕಡೆ ಬಂದಿದೆ, ಸವರಬಹುದಾ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಕೊಂಬೆ ಸವರುವುದೂ "ಕಡಿಯುವುದು" ಎಂಬುದರಲ್ಲಿ ಬರುತ್ತದೆ. ಮೊದಲು ಅವರ ಹತ್ತಿರ ಮಾತಾಡಿ, ಇಬ್ಬರೂ ಸಹಿ ಹಾಕಿ ಒಂದೇ ಅರ್ಜಿ ಕೊಡಿ. ಅನುಮತಿ ಬಂದ ಮೇಲೂ ಒಂದೇ ಪಕ್ಕದ ಕೊಂಬೆಗಳನ್ನೆಲ್ಲ ತೆಗೆಸಬೇಡಿ. ಭಾರ ಒಂದೇ ಕಡೆ ಉಳಿದು, ಮಣ್ಣು ನೆನೆದಾಗ ಮರ ಆ ಕಡೆಗೇ ಬೀಳುತ್ತದೆ. ಮಳೆಗಾಲದಲ್ಲಿ "ಇದ್ದಕ್ಕಿದ್ದ ಹಾಗೆ ಬಿತ್ತು" ಅನ್ನುವ ಮರಗಳನ್ನು ಹೋಗಿ ನೋಡಿ, ಒಂದು ಮಗ್ಗುಲು ಬೋಳಾಗಿರುತ್ತದೆ, ಇಲ್ಲವೇ ಚರಂಡಿ ಅಗೆಯುವಾಗ ಒಂದು ಕಡೆಯ ಬೇರು ಹೋಗಿರುತ್ತದೆ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ: ಈ ಮರ ಉಳಿಸಿಕೊಂಡೇ ಆ ಎರಡು ರೂಮು ಕಟ್ಟಬಹುದಾ? ಹೆಚ್ಚಿನ ಸಲ ಕಟ್ಟಬಹುದು. ಪ್ಲಾನ್ ಬರೆಯುವ ಮೊದಲೇ ಮರವನ್ನು ನಕ್ಷೆಯ ಮೇಲೆ ಗುರುತಿಸಿದ್ದರೆ ಇನ್ನೂ ಸುಲಭವಿತ್ತು.

ಲೆಕ್ಕ ಹೀಗಿದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ 12 ಪಟ್ಟು ದೂರದವರೆಗಿನ ಮಣ್ಣು ಮರಕ್ಕೆ ಬೇಕು ಎನ್ನುವುದು ಬ್ರಿಟಿಷ್ ಮಾನಕದ ಸೂತ್ರ. ಅಂದಾಜಿಗೆ ಇಲ್ಲಿಯೂ ಬಳಸಬಹುದು. ಸುತ್ತಳತೆ 125 ಸೆಂ.ಮೀ. ಇದ್ದರೆ ವ್ಯಾಸ ಸುಮಾರು 40, ಅದರ 12 ಪಟ್ಟು ಅಂದರೆ 4.8 ಮೀಟರ್, ಸುಮಾರು 16 ಅಡಿ. ನಲವತ್ತಡಿ ಅಗಲದ ಸೈಟಿನಲ್ಲಿ ಅಷ್ಟು ಜಾಗವನ್ನು ಪೂರ್ತಿ ಬಿಡಲಾಗುವುದಿಲ್ಲ, ನಿಜ. ಆದರೆ ಆ ವೃತ್ತದೊಳಗೆ ಉದ್ದಕ್ಕೂ ಕಂದಕ ತೋಡಿ ಸೈಜುಗಲ್ಲಿನ ತಳಪಾಯ ಹಾಕಬೇಕೆಂದೇನೂ ಇಲ್ಲ. ಕಂದಕ ತೋಡಿದರೆ ಒಂದು ಕಡೆಯ ಬೇರೆಲ್ಲ ಸಾಲಾಗಿ ಕತ್ತರಿಸಿಹೋಗುತ್ತದೆ. ಅದರ ಬದಲು ಪಿಲ್ಲರ್ ಹಾಕಿ, ಫುಟಿಂಗ್ ಗುಂಡಿಗಳನ್ನು ಬುಡದಿಂದ ಆದಷ್ಟು ದೂರ ಸರಿಸಿ, ನಡುವೆ ಪಿಲ್ಲರ್‌ಗಳನ್ನು ಬೆಸೆದು ಗೋಡೆ ಹೊರುವ ಪ್ಲಿಂತ್ ಬೀಮ್ ನೆಲದ ಮೇಲೆಯೇ ಹಾಯಿಸಿದರೆ ಬೇರು ಕೆಳಗೆ ಉಳಿಯುತ್ತದೆ. ಪಿಲ್ಲರ್ ಎಷ್ಟು ಸರಿಸಬಹುದು ಎನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು, ಮೇಸ್ತ್ರಿ ಅಲ್ಲ. ಮಂಜೂರಾದ ಪ್ಲಾನ್‌ಗಿಂತ ಬದಲಾದರೆ ತಿದ್ದಿದ ಪ್ಲಾನಿಗೆ ಒಪ್ಪಿಗೆ ತೆಗೆದುಕೊಳ್ಳಿ. ಮರದ ಹತ್ತಿರದ ಗುಂಡಿಗಳಿಗೆ ಜೆಸಿಬಿ ಬೇಡ, ಕೈಯಲ್ಲೇ ಅಗೆಸಿ. ಹೆಬ್ಬೆರಳಿಗಿಂತ ದಪ್ಪದ, ಅಂದರೆ 25 ಮಿ.ಮೀ. ಮೀರಿದ ಬೇರು ಸಿಕ್ಕರೆ ಕಡಿಯದೆ ಗುಂಡಿಯನ್ನೇ ಸ್ವಲ್ಪ ಪಕ್ಕಕ್ಕೆ ತೆಗೆಸಿ. ತೆಳು ಬೇರನ್ನು ಹರಿತವಾದ ಗರಗಸದಿಂದ ನೇರ ಕೊಯ್ಯಿರಿ, ಗುದ್ದಲಿಯಿಂದ ಸೀಳಿದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಹುಬ್ಬಳ್ಳಿ, ಕಲಬುರಗಿ ಕಡೆ ಎರೆಮಣ್ಣಿನಲ್ಲಿ ಕಟ್ಟುವವರಿಗೆ ಒಂದು ಬೇರೆ ಮಾತು. ಎರೆ ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬುತ್ತದೆ, ಮರ ನೀರು ಹೀರಿದಷ್ಟೂ ಕುಗ್ಗುವುದು ಹೆಚ್ಚು. ಅಲ್ಲಿ ಗೋಡೆ ಬಿರುಕಿಗೆ ಮರವನ್ನು ದೂರುವುದರಲ್ಲಿ ಅರ್ಥವಿದೆ. ಆದರೆ ದೊಡ್ಡ ಮರವನ್ನು ಕಡಿದ ತಕ್ಷಣ ಅದೇ ಜಾಗದಲ್ಲಿ ತಳಪಾಯ ಹಾಕಿದರೆ, ಹೀರುವವರಿಲ್ಲದೆ ಮಣ್ಣು ನೀರು ಕುಡಿದು ಉಬ್ಬಿ ನೆಲವನ್ನು ಮೇಲೆತ್ತುತ್ತದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಈ ಕಾಟ ಕಡಿಮೆ. ಹಾಗಾಗಿ ಇಲ್ಲಿ ಕಾಂಪೌಂಡ್ ಬಿರುಕು ಬಿಟ್ಟರೆ ಮೊದಲು ಅದರ ತಳಪಾಯ ಎಷ್ಟು ಆಳಕ್ಕಿದೆ ನೋಡಿ, ಆಮೇಲೆ ಮರದ ಕಡೆ ತಿರುಗಿ.

ಕೆಲಸ ಶುರುವಾದ ಮೇಲೆ ಬುಡದ ಸುತ್ತ ಮೂರ್ನಾಲ್ಕು ಕಂಬ ನೆಟ್ಟು ಹಸಿರು ಬಲೆ ಕಟ್ಟಿಸಿ. ಇಲ್ಲದಿದ್ದರೆ ಮರಳಿನ ರಾಶಿ, ಜಲ್ಲಿ, ಇಟ್ಟಿಗೆ ಎಲ್ಲ ನೆರಳಿರುವ ಆ ಜಾಗಕ್ಕೇ ಬಂದು ಬೀಳುತ್ತದೆ. ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಹೋಗುವುದಿಲ್ಲ. ಸಿಮೆಂಟ್ ಬಾಂಡ್ಲಿ ತೊಳೆದ ನೀರು ಅಲ್ಲಿಗೆ ಹೋಗಕೂಡದು, ಕ್ಯೂರಿಂಗ್ ನೀರು ಬುಡದಲ್ಲಿ ನಿಲ್ಲಕೂಡದು. ಕೊನೆಗೆ ಅಂಗಳಕ್ಕೆ ಕಾಂಕ್ರೀಟ್ ಹಾಕುವಾಗ ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ. ದೆಹಲಿಯ ರಸ್ತೆ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ್ದೂ ಇಷ್ಟೇ ಅಳತೆ. ಟೈಲ್ಸ್ ಹಾಕುವವರು ಅಂಚು ಅಂದವಾಗಲಿ ಅಂತ ಅದನ್ನು ಅರ್ಧ ಅಡಿಗೆ ಇಳಿಸಲು ನೋಡುತ್ತಾರೆ. ಆ ದಿನ ನೀವು ಅಲ್ಲೇ ನಿಂತಿರಿ.